ನಾಯಿಮರಿಗೆ ನಾಲ್ಕು ಮಾತು

ನಾಯಿ ಕಡಿದ ಸುದ್ದಿಗೆ ಜಿಲ್ಲಾ ಪುಟದಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಕಾಲಂ. ಎಷ್ಟು ಜನರಿಗೆ ಕಡಿಯಿತು, ಯಾವ ಆಸ್ಪತ್ರೆಗೆ ಸೇರಿಸಿದರು, ಊರಿನವರು ಏನು ಒತ್ತಾಯ ಮಾಡಿದರು. ಅಷ್ಟಕ್ಕೆ ಜಾಗ ಮುಗಿಯುತ್ತದೆ. ವಿಜಯಪುರ ಜಿಲ್ಲೆಯಿಂದ ಇಂಥ ಸುದ್ದಿಯನ್ನು ನಾವೂ ಎಷ್ಟೋ ಸಲ ಕಳಿಸಿದ್ದೇವೆ. ಆ ನಾಯಿ ಮರಿಯಾಗಿದ್ದಾಗ ಅದಕ್ಕೆ ಯಾರಾದರೂ ಏನಾದರೂ ಕಲಿಸಿದ್ದರೇ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೋದ ಶ್ರಾವಣದಲ್ಲಿ ನಮ್ಮ ತೋಟದ ಮನೆಗೆ ಒಂದು ಮರಿ ಬಂತು. ಎರಡು ತಿಂಗಳು ತುಂಬಿತ್ತು. 8 ವಾರ ಆಗುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಕಲಿಯುತ್ತದೆ. ಜಾತಿ ನಾಯಿಯೇನಲ್ಲ, ಊರ ನಾಯಿಯ ಮರಿ. ಮಕ್ಕಳು ಗುಂಡ್ಯಾ ಎಂದು ಹೆಸರಿಟ್ಟರು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ಮುಧೋಳ ನಾಯಿ ಏನ್ರಿ ಇದು?"

ಮುಧೋಳ ನಮಗೆ ದೂರವಲ್ಲ. ಆ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂದಿದೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಹೋದ ಮರಿಗಳು ಮೀರತ್‌ನಲ್ಲಿ ಸೇನೆಯ ತರಬೇತಿಯನ್ನೂ ಪಡೆದಿವೆ. ಆ ಹೆಮ್ಮೆ ನಮಗೂ ಇದೆ. ಆದರೆ ಕರೆದರೆ ಬರುವುದು, ಹೇಳಿದರೆ ಕೂಡುವುದು, ಇಷ್ಟನ್ನು ಕಲಿಯಲು ಜಾತಿ ಬೇಕಿಲ್ಲ. ಊರ ನಾಯಿಯ ಬುದ್ಧಿ ಯಾವುದಕ್ಕೂ ಕಡಿಮೆಯಲ್ಲ.

ಕಲಿಸಲೇಬೇಕು ಎಂದು ನಾವು ಹಟ ಹಿಡಿಯಲು ಮೂರು ಕಾರಣಗಳಿದ್ದವು. ಮನೆಯ ಮುಂದೆಯೇ ಡಾಂಬರು ರಸ್ತೆ, ಕಾರ್ಖಾನೆ ಶುರುವಾದರೆ ಹಗಲೂ ರಾತ್ರಿ ಕಬ್ಬಿನ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಸುತ್ತಲ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾರೆ; ಕುರಿ ಬೆನ್ನಟ್ಟುವ ನಾಯಿ ನಮ್ಮ ಕಡೆ ಹೆಚ್ಚು ದಿನ ಬದುಕುವುದಿಲ್ಲ, ಅದನ್ನು ಸಾಕಿದವರಿಗೂ ನೆರೆಹೊರೆ ಉಳಿಯುವುದಿಲ್ಲ. ಮೂರನೆಯದು, ಪಕ್ಕದ ತೋಟದ ಒಂಬತ್ತು ವರ್ಷದ ಹುಡುಗ. ಎರಡು ವರ್ಷದ ಹಿಂದೆ ಅವನ ಕಾಲಿಗೆ ನಾಯಿ ಕಡಿದು, ಸೂಜಿ ಮಾಡಿಸಿಕೊಂಡಿದ್ದ. ಮರಿ ಬಂದ ದಿನದಿಂದ ಅವನು ನಮ್ಮ ಅಂಗಳ ತುಳಿಯುವುದನ್ನೇ ಬಿಟ್ಟಿದ್ದ.

ಕಲಿಸುವುದು ಎಂದಾಗ ಮೊದಲು ಎದ್ದ ಪ್ರಶ್ನೆ ಭಾಷೆಯದು. ಅವ್ವ "ಕುಂದ್ರು" ಅನ್ನುತ್ತಾಳೆ. ನಮ್ಮ ಮನೆಯವರು ದಾವಣಗೆರೆ ಕಡೆಯವರು, "ಕೂತ್ಕೋ" ಅನ್ನುತ್ತಾರೆ. ನಾಲ್ಕನೆಯ ಇಯತ್ತೆಯ ಮಗಳು "ಸಿಟ್" ಅನ್ನುತ್ತಾಳೆ. ನಮಗೆ ಇವು ಮೂರೂ ಒಂದೇ ಮಾತು, ಮರಿಗೆ ಮೂರು ಬೇರೆ ಬೇರೆ ಸದ್ದು. ಅದಕ್ಕೆ ಅರ್ಥ ತಿಳಿಯುವುದಿಲ್ಲ, ಸದ್ದು ಮತ್ತು ಕೈಸನ್ನೆ ತಿಳಿಯುತ್ತದೆ. ಅಂದು ರಾತ್ರಿ ಊಟಕ್ಕೆ ಕೂತಾಗಲೇ ಮನೆಯವರೆಲ್ಲ ಸೇರಿ ನಾಲ್ಕು ಮಾತು ಆರಿಸಿದೆವು: ಬಾ, ಕುಂದ್ರು, ತಡಿ, ಬಿಡು. ಇದ್ದಲ್ಲೇ ಇರು ಅನ್ನುವುದಕ್ಕೆ "ನಿಂದ್ರು" ಇರಲಿ ಎಂದಳು ಅವ್ವ. ಆದರೆ ಕುಂದ್ರು, ನಿಂದ್ರು ಎರಡರ ಬಾಲವೂ ಒಂದೇ, ಮರಿ ಗಲಿಬಿಲಿಯಾದೀತು ಎಂದು "ತಡಿ"ಗೆ ಒಪ್ಪಿದಳು. ಮಗಳು ನಾಲ್ಕನ್ನೂ ಸೀಮೆಸುಣ್ಣದಲ್ಲಿ ಅಡುಗೆಮನೆ ಬಾಗಿಲ ಮೇಲೆ ಬರೆದಳು. ಮನೆಗೆ ಯಾರೇ ಬರಲಿ, ಅವೇ ನಾಲ್ಕು.

"ಕುಂದ್ರು" ಕಲಿಸುವುದು ಎಲ್ಲಕ್ಕಿಂತ ಸುಲಭ. ಜೋಳದ ರೊಟ್ಟಿಯ ಉಗುರಗಲದ ಚೂರನ್ನು ಮರಿಯ ಮೂಗಿನ ಮುಂದೆ ಹಿಡಿದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಬೇಕು. ಮರಿ ಮೂತಿ ಎತ್ತುತ್ತದೆ, ಅದರ ಹಿಂಭಾಗ ತಾನಾಗಿಯೇ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣಕ್ಕೇ "ಶಾಣ್ಯಾ" ಅಂದು ಚೂರು ಕೊಡಬೇಕು. ತಡವಾದರೆ ಯಾಕೆ ಕೊಟ್ಟಿರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸೊಂಟ ಅದುಮಿ ಕೂಡಿಸುವುದು ಬೇಡ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ, ಊಟ ಹಾಕುವ ಮುಂಚೆ, ಹಸಿವು ಇದ್ದಾಗ.

ನಮ್ಮ ಜಿಲ್ಲೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಕೈಗೆ ಸಿಕ್ಕಿತೆಂದು ದ್ರಾಕ್ಷಿ, ಒಣದ್ರಾಕ್ಷಿ ಹಾಕಬೇಡಿ. ನಾಯಿಗೆ ಅದು ವಿಷ, ಮೂತ್ರಪಿಂಡ ಕೆಡುತ್ತದೆ. ಉಳ್ಳಾಗಡ್ಡಿ, ಚಾಕೊಲೇಟ್ ಕೂಡ ಬೇಡ. ರೊಟ್ಟಿ ಚೂರು, ಬೇಯಿಸಿದ ತತ್ತಿಯ ತುಣುಕು ಸಾಕು.

ನಾಲ್ಕರಲ್ಲಿ ದೊಡ್ಡ ಮಾತು "ಬಾ". ಇದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ: "ಬಾ" ಎಂದು ಕರೆದ ಮೇಲೆ ಬೈಯುವಂತಿಲ್ಲ, ಹೊಡೆಯುವಂತಿಲ್ಲ. ಚಪ್ಪಲಿ ಕಡಿದಿರಲಿ, ಹಾಲು ಚೆಲ್ಲಿರಲಿ, ಕರೆದಾಗ ಬಂತೆಂದರೆ ಬೆನ್ನು ಸವರಬೇಕು. ಕರೆದು ಹೊಡೆದರೆ ಮರಿ ಕಲಿಯುವುದು ಒಂದೇ, ಕರೆದಾಗ ಓಡಿಹೋಗಬೇಕು ಅಂತ. ದಿನವಿಡೀ ಮನೆಯಲ್ಲಿ ಯಾರಾದರೊಬ್ಬರು ಯಾರನ್ನೋ ಬಾ ಅನ್ನುತ್ತಲೇ ಇರುತ್ತೇವಲ್ಲ, ಅದಕ್ಕೇ ಹೆಸರು ಸೇರಿಸಿ "ಗುಂಡ್ಯಾ, ಬಾ" ಎಂದು ರೂಢಿ ಮಾಡಿದೆವು. ಮೊದಲು ಪಡಸಾಲೆಯಲ್ಲಿ, ಆಮೇಲೆ ಅಂಗಳದಲ್ಲಿ, ಆಮೇಲೆ ಉದ್ದನೆಯ ಹಗ್ಗ ಕಟ್ಟಿಕೊಂಡು ಹೊಲದಲ್ಲಿ.

ರಸ್ತೆಯಲ್ಲಿ ಹೋಗುವವರು ನಗುತ್ತಿದ್ದರು. "ನಾಯೀನ ಸಾಲಿಗೆ ಹಚ್ಚೀರೇನ್ರಿ?" ಎಂದು ಕೇಳುತ್ತಿದ್ದರು. ಹೌದ್ರಿ ಅನ್ನುತ್ತಿದ್ದೆವು.

ಗುಂಡ್ಯಾನಿಗೆ ಐದು ತಿಂಗಳಿದ್ದಾಗ ಕಬ್ಬಿನ ಹಂಗಾಮು ಶುರುವಾಗಿತ್ತು. ಒಂದು ಸಂಜೆ ಅಳಿಲೊಂದರ ಹಿಂದೆ ಬಿದ್ದು ಅವನು ಅಂಗಳ ದಾಟಿದ. ಆ ಕಡೆಯಿಂದ ಜೋಡಿ ಟ್ರೇಲರಿನ ಟ್ರ್ಯಾಕ್ಟರ್, ಹಾಡು ಜೋರಾಗಿ ಹಚ್ಚಿಕೊಂಡು ಬರುತ್ತಿತ್ತು. ಹಿಂದೆ ಓಡಿ ಹಿಡಿಯುವಷ್ಟು ಹೊತ್ತಿರಲಿಲ್ಲ, ಓಡಿದ್ದರೆ ಆಟವೆಂದು ಇನ್ನೂ ಮುಂದೆ ಓಡುತ್ತಿದ್ದ. ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ಕೂತಲ್ಲಿಂದಲೇ, ದಿನಾ ರೊಟ್ಟಿ ಕೊಡುವಾಗಿನ ಅದೇ ದನಿಯಲ್ಲಿ "ಗುಂಡ್ಯಾ, ಬಾ" ಅಂದಳು. ರಸ್ತೆಯ ಅಂಚಿನಲ್ಲಿ ತಿರುಗಿ ನೋಡಿದ. ಬಂದ. ಟ್ರೇಲರ್ ಹೋದ ಮೇಲೆ ಅವ್ವ ಮರದಿಂದ ಕೈ ತೆಗೆದು ಅವನ ಬೆನ್ನ ಮೇಲೆ ಇಟ್ಟಳು. ಕೈ ಇನ್ನೂ ನಡುಗುತ್ತಿತ್ತು.

ನಾಲ್ಕು ಮಾತು ಗಟ್ಟಿಯಾದ ಮೇಲೆ ಮಕ್ಕಳು ಆಟ ಕಲಿಸಿದರು. "ಶರಣ್ರಿ" ಅಂದರೆ ಮುಂಗಾಲು ಕೊಡುತ್ತಾನೆ. "ಸುತ್ತು" ಅಂದರೆ ರೊಟ್ಟಿ ಹಿಡಿದ ಕೈಯ ಹಿಂದೆ ಗಿರಕಿ ಹೊಡೆಯುತ್ತಾನೆ. ಮೂರು ಬಟ್ಟಲು ಬೋರಲು ಹಾಕಿ ಒಂದರಡಿ ಚೂರು ಇಟ್ಟು "ಹುಡುಕು" ಅಂದರೆ ಮೂಸಿ ಮೂಸಿ ಸರಿಯಾದ ಬಟ್ಟಲನ್ನೇ ಕೆಡವುತ್ತಾನೆ. ಹುಡುಗಾಟ ಎಂದು ಬಿಡುವಂತಿಲ್ಲ. ಕಾಲು ಕೊಡುವ ರೂಢಿಯಾದ ನಾಯಿ ಜಾಲಿಮುಳ್ಳು ತೆಗೆಸಿಕೊಳ್ಳುತ್ತದೆ, ಕಿವಿಯ ಉಣ್ಣೆ ಕೀಳಿಸಿಕೊಳ್ಳುತ್ತದೆ, ಪಶು ಆಸ್ಪತ್ರೆಯಲ್ಲಿ ಸೂಜಿಗೆ ಸುಮ್ಮನೆ ನಿಲ್ಲುತ್ತದೆ. ಮೂರು ತಿಂಗಳು ತುಂಬಿದಾಗ ಗುಂಡ್ಯಾನಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ಮುಂದೆಯೂ ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಹಾಕಿಸಬೇಕು.

ಮರಿಯ ಹಲ್ಲು ಬದಲಾಗುವ ಕಾಲದಲ್ಲಿ ಅದು ಕೈ ಕಚ್ಚಲು ಬರುವುದು ಸಹಜ. ಆಗ ಹೊಡೆಯದೆ ಆಟ ನಿಲ್ಲಿಸಿ ಎದ್ದುಹೋಗಬೇಕು, ಇಲ್ಲವೇ ಬಾಯಿಗೆ ಹಳೆ ಹಗ್ಗದ ಗಂಟು ಕೊಡಬೇಕು. ಕಚ್ಚಿದರೆ ಆಟ ನಿಲ್ಲುತ್ತದೆ ಎಂದು ಅದು ಬೇಗ ತಿಳಿಯುತ್ತದೆ. ಸಾಕಿದ್ದೇ ಇರಲಿ, ಬೀದಿಯದೇ ಇರಲಿ, ನಾಯಿ ಕಡಿದು ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ, ಎಣ್ಣೆ ಹಚ್ಚಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ. ಅದಕ್ಕೂ ಮೊದಲು ಲಸಿಕೆ ಹಾಕಿಸಿದರೆ ಜೀವ ಉಳಿಯುತ್ತದೆ.

ಪಕ್ಕದ ತೋಟದ ಹುಡುಗನನ್ನು ನಾವು ಕರೆಯಲಿಲ್ಲ, ಒತ್ತಾಯಿಸಲೂ ಇಲ್ಲ. ಮಕ್ಕಳ ಆಟವನ್ನು ಅವನು ಬದುವಿನ ಆಚೆ ನಿಂತು ದಿನಾ ನೋಡುತ್ತಿದ್ದ. ಒಂದು ದಿನ ಅಲ್ಲಿಂದಲೇ, ಬಹಳ ಸಣ್ಣ ದನಿಯಲ್ಲಿ "ಕುಂದ್ರು" ಅಂದ. ಗುಂಡ್ಯಾ ಕೂತ. ಹುಡುಗ ನಮ್ಮ ಮುಖ ನೋಡಿದ, ನಾಯಿಯ ಮುಖ ನೋಡಿದ, ಇನ್ನೊಮ್ಮೆ ಅಂದ. ಎದ್ದು ನಿಂತಿದ್ದ ಗುಂಡ್ಯಾ ಮತ್ತೆ ಕೂತ. ಈಗ ಶಾಲೆ ಬಿಟ್ಟ ಮೇಲೆ ಅವನ ಕಿಸೆಯಲ್ಲಿ ಒಂದು ರೊಟ್ಟಿ ಚೂರು ಇರುತ್ತದೆ. ಬೇರೆ ನಾಯಿ ಕಂಡರೆ ಇವತ್ತಿಗೂ ದಾರಿ ಬದಲಿಸುತ್ತಾನೆ, ಅದು ತಪ್ಪೇನಲ್ಲ.

ನಿಮ್ಮ ಮನೆಗೂ ಮರಿ ಬರುವುದಿದ್ದರೆ ಸರಪಳಿ ಕೊಳ್ಳುವ ಮೊದಲು ಮನೆಯವರೆಲ್ಲ ಕೂತು ನಾಲ್ಕು ಮಾತು ಆರಿಸಿಕೊಳ್ಳಿ. ಬೀದರಿನ ಮಾತಾಗಲಿ, ಕೊಡಗಿನ ಮಾತಾಗಲಿ, ನಡೆಯುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಅದನ್ನೇ ಅನ್ನಬೇಕು, ಅಷ್ಟೇ.