ರಜೆಗೂ ಬೇಕು ಒಂದು ಗಂಟೆ

ಮಕ್ಕಳೇ, ಬೇಸಿಗೆ ರಜೆ ಮುಗಿದ ಮೇಲೆ ಹಳೆಯ ಸಮವಸ್ತ್ರ ಹಾಕಿ ನೋಡಿದ್ದೀರಾ?

ಆರನೇ ತರಗತಿಯಲ್ಲಿದ್ದಾಗ ನಾನು ಇಡೀ ರಜೆಯನ್ನು ಪಟ್ಟಣದ ಅತ್ತೆಯ ಮನೆಯಲ್ಲಿ ಕಳೆದೆ. ಹೊರಗೆ ಸುಡುಬಿಸಿಲು. ಒಳಗೆ ಟಿ.ವಿ., ಪಕ್ಕದಲ್ಲಿ ಚಕ್ಕುಲಿ ಡಬ್ಬಿ. ಮಲಗುವಾಗ ನಡುರಾತ್ರಿ, ಏಳುವಾಗ ಹೊತ್ತು ನೆತ್ತಿಗೆ. ಜೂನ್‌ನಲ್ಲಿ ಚಡ್ಡಿಯ ಹುಕ್ಕು ಕೂರಲೇ ಇಲ್ಲ! ಕಬಡ್ಡಿಯಲ್ಲಿ ಎರಡೇ ಸುತ್ತಿಗೆ ಏದುಸಿರು. ಗೆಳೆಯರು ನಕ್ಕರು. ನಾಚಿಕೆಯಿಂದ ಒಂದು ತಿಂಗಳು ಮೈದಾನಕ್ಕೇ ಇಳಿಯಲಿಲ್ಲ. ತಪ್ಪೆಲ್ಲ ನನ್ನ ನಾಲಿಗೆಯದೇ ಎಂದುಕೊಂಡಿದ್ದೆ.

ಮರುವರ್ಷ ನಮ್ಮ ಮೇಷ್ಟ್ರು ಶಾಲೆಯ ಹೊಂಗೆ ಮರದಡಿ ಬೇಸಿಗೆ ಶಿಬಿರ ನಡೆಸಿದರು. ಬೆಳಿಗ್ಗೆ ಏಳಕ್ಕೆ ಗಂಟೆ. ಲಗೋರಿ, ಖೋಖೋ, ಹಕ್ಕಿ ನೋಡಲು ಕೆರೆ ಏರಿಯ ಮೇಲೆ ನಡಿಗೆ. ಬಿಸಿಲೇರುವ ಮೊದಲೇ ಮನೆ. ರಾತ್ರಿ ಒಂಬತ್ತಕ್ಕೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆ ಜೂನ್‌ನಲ್ಲಿ ಹುಕ್ಕು ಸಲೀಸಾಗಿ ಕೂತಿತು. ಚಡ್ಡಿ ಮಾತ್ರ ಗಿಡ್ಡವಾಗಿತ್ತು!

ಒಬ್ಬನ ಅನುಭವ ವಿಜ್ಞಾನದಲ್ಲಿ ಪುರಾವೆಯಾಗದು, ನಿಜ. ಆದರೆ ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ಮಕ್ಕಳ ಎತ್ತರ, ತೂಕಗಳನ್ನು ಶಿಶುವಿಹಾರದಿಂದ ಎರಡನೇ ತರಗತಿಯವರೆಗೆ ಅಳೆದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಬೊಜ್ಜಿರುವ ಮಕ್ಕಳ ಪ್ರಮಾಣ ಶೇ. 8.9ರಿಂದ ಶೇ. 11.5ಕ್ಕೆ ಏರಿತ್ತು. ಏರಿದ್ದು ಯಾವಾಗ ಗೊತ್ತೇ? ಶಾಲೆ ನಡೆಯುವಾಗ ಅಲ್ಲ, ನಡುವಿನ ಎರಡು ಬೇಸಿಗೆ ರಜೆಗಳಲ್ಲಿ!

ಏಕೆ ಹೀಗೆ? ಅಲ್ಲಿನ ಕೆಲವು ವಿಜ್ಞಾನಿಗಳು 2017ರಲ್ಲಿ ಒಂದು ವಿವರಣೆ ಮುಂದಿಟ್ಟರು. ಶಾಲೆಯ ದಿನಕ್ಕೆ ಒಂದು ಕಟ್ಟು ಇರುತ್ತದೆ. ಊಟಕ್ಕೊಂದು ಹೊತ್ತು, ಆಟಕ್ಕೊಂದು ಹೊತ್ತು. ಬೇಗ ಏಳಬೇಕಾದ್ದರಿಂದ ನಿದ್ದೆಗೂ ಒಂದು ಹೊತ್ತು. ಕಟ್ಟು ಸಡಿಲವಾದರೆ ಟಿ.ವಿ., ಮೊಬೈಲು, ಕುರುಕಲು ತಿಂಡಿ ಆ ಜಾಗಕ್ಕೆ ಬಂದು ಕೂರುತ್ತವೆ. ಶಿಬಿರ ಆ ಕಟ್ಟನ್ನು ಮತ್ತೆ ಬಿಗಿಯುತ್ತದೆ.

ನಮ್ಮಲ್ಲಿ ಇನ್ನೊಂದು ಮುಖವೂ ಇದೆ. ಶಾಲೆಯ ಬಿಸಿಯೂಟವನ್ನೇ ನೆಚ್ಚಿದ ಮಗುವಿಗೆ ರಜೆಯಲ್ಲಿ ಹೊಟ್ಟೆ ತುಂಬದಿರಬಹುದು. ಅದಕ್ಕೇ ಬರಗಾಲದ ವರ್ಷಗಳಲ್ಲಿ ರಜೆಯಲ್ಲೂ ಬಿಸಿಯೂಟ ಬಡಿಸಿದ್ದುಂಟು. ಒಬ್ಬರು ದಪ್ಪಗಾಗುವ, ಇನ್ನೊಬ್ಬರು ಬಡಕಲಾಗುವ ರಜೆ ಒಂದೇ!

ನಿಮ್ಮೂರಲ್ಲಿ ಶಿಬಿರ ಇಲ್ಲವೇ? ನಾಲ್ಕು ಮಂದಿ ಗೆಳೆಯರು ಸೇರಿ ನೀವೇ ಗಂಟೆ ಬಾರಿಸಿ. ದಿನಕ್ಕೆ 60 ನಿಮಿಷವಾದರೂ ಮೈ ಬೆವರುವ ಆಟ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ವಯಸ್ಸಿಗೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆಯೂ ಬೇಕು.

ಜೂನ್‌ನಲ್ಲಿ ಯಾರದಾದರೂ ಹುಕ್ಕು ಕೂರದಿದ್ದರೆ ನಗಬೇಡಿ. ಆಟಕ್ಕೆ ಕರೆಯಿರಿ.