ಎಗ್ಲಿಂಟನ್ ರಸ್ತೆಯ ಹಳದಿ ಪ್ಯಾಟಿ

ಕೆನಡಾದ ಟೊರಾಂಟೊ ನಗರದಲ್ಲಿ ಎಗ್ಲಿಂಟನ್ ಅವೆನ್ಯೂ ಎಂಬ ಬಲು ಉದ್ದದ ರಸ್ತೆಯಿದೆ. ಅದರ ಪಶ್ಚಿಮದ ಒಂದು ಭಾಗಕ್ಕೆ ‘ಲಿಟಲ್ ಜಮೈಕಾ’ ಎಂದು ಹೆಸರು. ಆಲೆನ್ ರೋಡ್‌ನಿಂದ ಕೀಲ್ ಸ್ಟ್ರೀಟ್ ಕಡೆಗೆ ನಡೆಯುತ್ತಾ ಹೋದರೆ ಕ್ಷೌರದಂಗಡಿಗಳು, ರೆಗೇ ಸಂಗೀತದ ಅಂಗಡಿಗಳು, ಗೆಣಸು, ಬಾಳೆಕಾಯಿ ಮಾರುವ ದಿನಸಿ ಅಂಗಡಿಗಳು ಸಾಲಾಗಿ ಸಿಗುತ್ತವೆ. ನಡುನಡುವೆ ಬೇಕರಿಗಳು. ಹೊರಗೆ ಹಿಮ ಸುರಿಯುತ್ತಿರಲಿ, ಬೇಕರಿಯ ಬಾಗಿಲು ತೆರೆದರೆ ಸಾಕು, ಮಸಾಲೆಯ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಅರಿಸಿನ ಬಣ್ಣದ ಅರ್ಧಚಂದ್ರಗಳು ಸಾಲಾಗಿ ಮಲಗಿರುತ್ತವೆ. ಅದೇ ಜಮೈಕಾದ ಪ್ಯಾಟಿ.

ಬೆಂಗಳೂರಿನ ಬೇಕರಿಯ ಪಫ್ ತಿಂದವರಿಗೆ ಇದು ದೂರದ ನೆಂಟನಂತೆ ಕಾಣುತ್ತದೆ. ಆಕಾರ ಮಾತ್ರ ನಮ್ಮ ಕರ್ಜಿಕಾಯಿಯದು. ಹೊರಗೆ ಪದರು ಪದರಾದ ಹಳದಿ ಹೊದಿಕೆ, ಒಳಗೆ ಮೆತ್ತಗೆ ಬೆಂದ ಖಾರದ ಖೀಮಾ. ಮೊದಲ ತುತ್ತನ್ನು ಹುಷಾರಾಗಿ ಕಚ್ಚಬೇಕು. ಒಳಗಿನ ಹಬೆ ನಾಲಗೆ ಸುಡುತ್ತದೆ, ಅದರ ಹಿಂದೆಯೇ ಮೆಣಸಿನಕಾಯಿ ತನ್ನ ಕೆಲಸ ಶುರು ಮಾಡುತ್ತದೆ.

ಈ ಅಂಗೈಯಗಲದ ತಿಂಡಿಯ ಹಿಂದೆ ದೊಡ್ಡ ಚರಿತ್ರೆಯಿದೆ. ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸುವ ಪದ್ಧತಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ‘ಪೇಸ್ಟಿ’ಯಿಂದ ಬಂದದ್ದು. ಜಮೈಕಾವನ್ನು ಆಳಿದ ಬ್ರಿಟಿಷರ ಜೊತೆ ಅದೂ ಹಡಗು ಹತ್ತಿತು. ಆಫ್ರಿಕಾದಿಂದ ಗುಲಾಮರಾಗಿ ಬಂದವರು, ಅವರ ಮಕ್ಕಳು ಅದಕ್ಕೆ ದ್ವೀಪದ ಖಾರ ಕೊಟ್ಟರು. ‘ಸ್ಕಾಚ್ ಬಾನೆಟ್’ ಎಂಬ ಕುಲಾವಿಯಾಕಾರದ ಮೆಣಸಿನಕಾಯಿ ಅಲ್ಲಿನದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಸೌಮ್ಯ ಗುಣವನ್ನು ಅದರಲ್ಲಿ ಹುಡುಕಬೇಡಿ! ‘ಪಿಮೆಂಟೊ’ ಎಂಬ ಪರಿಮಳದ ಕಾಳೂ ಅಲ್ಲಿನದೇ. ಅದನ್ನು ಕಂಡ ಸ್ಪೇನಿನವರು ಕರಿಮೆಣಸನ್ನು ನೆನೆದು ‘ಪಿಮಿಯೆಂಟಾ’ ಎಂದು ಕರೆದರು. ಆಲ್‌ಸ್ಪೈಸ್ ಎಂದು ನಮ್ಮಲ್ಲಿ ಕೆಲವರು ಹಿತ್ತಲಲ್ಲಿ ಬೆಳೆಸುವುದು ಇದೇ ಮರವನ್ನು. ಲವಂಗ, ಚಕ್ಕೆ, ಜಾಯಿಕಾಯಿ ಮೂರರ ವಾಸನೆಯೂ ಅದರಲ್ಲಿದೆ.

ಹಾಗಾದರೆ ಅರಿಸಿನ ಎಲ್ಲಿಂದ ಬಂತು? ಅದು ನಮ್ಮವರ ಕಥೆ. ಬ್ರಿಟಿಷ್ ವಸಾಹತುಗಳಲ್ಲಿ 1838ರ ಹೊತ್ತಿಗೆ ಗುಲಾಮಗಿರಿ ಪೂರ್ತಿ ಕೊನೆಗೊಂಡಿತು. ಕಬ್ಬಿನ ತೋಟಗಳಿಗೆ ಕಡಿಮೆ ಕೂಲಿಯ ಆಳುಗಳು ಬೇಕಾದರು. ತೋಟದ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು. 1845ರ ಮೇ 10ರಂದು ಭಾರತೀಯ ಕೂಲಿಗಳನ್ನು ಹೊತ್ತ ಮೊದಲ ಹಡಗು ಜಮೈಕಾದ ಓಲ್ಡ್ ಹಾರ್ಬರ್ ಬೇ ತಲುಪಿತು. 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ ಸುಮಾರು 36,000 ಜನ ಹೀಗೆ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಕರಾರು ಮುಗಿದ ಮೇಲೂ ಬಹುತೇಕರು ಊರಿಗೆ ಮರಳಲಿಲ್ಲ. ಆದರೆ ಅವರ ಮಸಾಲೆ ಇಡೀ ದ್ವೀಪದ್ದಾಯಿತು. ಇಂದು ಜಮೈಕಾದಲ್ಲಿ ಮೇಕೆ ಮಾಂಸದ ಕರಿ ಇಲ್ಲದೆ ದೊಡ್ಡ ಔತಣವೇ ನಡೆಯದು ಎನ್ನಬಹುದು. ಪ್ಯಾಟಿಯ ಹಳದಿಯೂ ಆ ಕರಿ ಪುಡಿಯ ಬಳುವಳಿ.

ಜಮೈಕಾದ ಪ್ಯಾಟಿ ಕೆನಡಾಕ್ಕೆ ಬಂದದ್ದು ಅಲ್ಲಿನ ಜನರ ಜೊತೆ. 1955ರಲ್ಲಿ ಕೆನಡಾ ಸರ್ಕಾರ ಜಮೈಕಾ ಮತ್ತು ಬಾರ್ಬಡೋಸ್‌ನಿಂದ ಮದುವೆಯಾಗದ ಯುವತಿಯರನ್ನು ಮನೆಗೆಲಸಕ್ಕೆ ಕರೆಸಿಕೊಳ್ಳುವ ಯೋಜನೆ ಆರಂಭಿಸಿತು. ಅವರಲ್ಲಿ ಶಿಕ್ಷಕಿಯರಾಗಿದ್ದವರೂ ಇದ್ದರು. 1967ರಲ್ಲಿ ವಲಸೆಯ ನಿಯಮ ಬದಲಾದ ಮೇಲೆ ಇನ್ನೂ ಹೆಚ್ಚು ಕುಟುಂಬಗಳು ಬಂದು ನೆಲೆಸಿದವು. ಚಳಿಯ ಊರಿನಲ್ಲಿ ತಮ್ಮ ದ್ವೀಪದ ಬಿಸಿಯನ್ನು ಅವರು ಪ್ಯಾಟಿಯಲ್ಲಿ ಕಂಡುಕೊಂಡರು.

1985ರಲ್ಲಿ ಈ ತಿಂಡಿಗೆ ಒಂದು ಗಂಡಾಂತರ ಎದುರಾಯಿತು. ಸರ್ಕಾರಿ ತನಿಖಾಧಿಕಾರಿಗಳು ಟೊರಾಂಟೊದ ಅಂಗಡಿಗಳಿಗೆ ಬಂದು, ಇದನ್ನು ‘ಬೀಫ್ ಪ್ಯಾಟಿ’ ಎಂದು ಕರೆಯಕೂಡದು ಎಂದರು. ಕಾನೂನಿನ ಪ್ರಕಾರ ಆ ಹೆಸರು ಬರ್ಗರ್‌ನೊಳಗಿನ ಬಿಲ್ಲೆಗೆ ಮಾತ್ರ ಸಲ್ಲಬೇಕು. ಹಿಟ್ಟಿನ ಹೊದಿಕೆ ಇರುವುದಕ್ಕೆ ಸಲ್ಲದು. ಬೋರ್ಡು ಬದಲಿಸದಿದ್ದರೆ ದಂಡ! ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ‘ಪ್ಯಾಟಿ ಪ್ಯಾಲೇಸ್’ ನಡೆಸುತ್ತಿದ್ದ ಮೈಕೆಲ್ ಡೇವಿಡ್‌ಸನ್ ಒಪ್ಪಲಿಲ್ಲ. ತಲೆಮಾರುಗಳಿಂದ ಕರೆದುಬಂದ ಹೆಸರನ್ನು ಯಾಕೆ ಬಿಡಬೇಕು? ಸುದ್ದಿ ಪತ್ರಿಕೆಗಳಿಗೆ, ಟಿ.ವಿ.ಗೆ ಹೋಯಿತು. ಕೊನೆಗೆ ಎರಡೂ ಕಡೆಯವರು ಕೂತು ಮಾತಾಡಿ ‘ಜಮೈಕನ್ ಪ್ಯಾಟಿ’ ಎಂಬ ಹೆಸರಿಗೆ ಒಪ್ಪಿದರು. ಆ ವರ್ಷದ ಫೆಬ್ರುವರಿ 23ರಂದು ಟೊರಾಂಟೊದಲ್ಲಿ ‘ಪ್ಯಾಟಿ ದಿನ’ ಆಚರಿಸಿದರು. ತೆಗೆಯಬೇಕೆಂದು ಹೊರಟದ್ದು ‘ಪ್ಯಾಟಿ’ ಎಂಬ ಹೆಸರನ್ನು. ಕೊನೆಗೆ ಅದರ ಜೊತೆ ಊರಿನ ಹೆಸರೂ ಸೇರಿಕೊಂಡಿತು.

ನಮ್ಮ ಮಹಡಿಯಲ್ಲೇ ಇರುವ ಜಮೈಕಾದ ಅಜ್ಜಿಯೊಬ್ಬರನ್ನು ಮಕ್ಕಳೆಲ್ಲ ‘ಆಂಟಿ’ ಎನ್ನುತ್ತಾರೆ. ಹಿರಿಯ ಹೆಂಗಸರನ್ನು ಹಾಗೆ ಕರೆಯುವುದು ಜಮೈಕಾದಲ್ಲೂ ರೂಢಿ. ಮನೆಯಲ್ಲೇ ಪ್ಯಾಟಿ ಮಾಡುವುದನ್ನು ನಮಗೆ ಕಲಿಸಿದ್ದು ಅವರೇ. “ಹಿಟ್ಟು ತಣ್ಣಗಿರಬೇಕು, ಒಲೆ ಬಿಸಿಯಾಗಿರಬೇಕು, ನೀನು ಅವಸರ ಮಾಡಬಾರದು” ಎಂದು ನನ್ನ ಮಗಳಿಗೆ ಹೇಳಿಕೊಟ್ಟರು. ಓವನ್ ಇರುವ ಮನೆಯಲ್ಲಿ ನೀವೂ ಮಾಡಬಹುದು. ಮಕ್ಕಳು ಹಿಟ್ಟು ಮಡಚಲಿ. ಒಲೆ, ಓವನ್ ಕೆಲಸ ದೊಡ್ಡವರಿಗಿರಲಿ.

250 ಗ್ರಾಂ ಮೈದಾಕ್ಕೆ ಒಂದು ಚಮಚ ಅರಿಸಿನ, ಅರ್ಧ ಚಮಚ ಉಪ್ಪು ಬೆರೆಸಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ 125 ಗ್ರಾಂ ಬೆಣ್ಣೆಯನ್ನು ಚೂರು ಮಾಡಿ, ಬೆರಳ ತುದಿಯಿಂದ ಹಿಟ್ಟಿಗೆ ಉಜ್ಜಿ. ಬೆಣ್ಣೆ ಪೂರ್ತಿ ಕರಗಬಾರದು, ಬಟಾಣಿ ಗಾತ್ರದ ಚೂರುಗಳು ಉಳಿಯಬೇಕು. ಓವನ್‌ನಲ್ಲಿ ಆ ಚೂರುಗಳು ಕರಗಿ, ನೀರಿನಂಶ ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಪದರು ಬರುವುದು ಹಾಗೆ. ಐಸ್ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಉಂಡೆ ಮಾಡಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಅಷ್ಟರಲ್ಲಿ ಒಂದು ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಈರುಳ್ಳಿ ಹೂವು, ಹಸಿಮೆಣಸಿನಕಾಯಿಗಳನ್ನು ಹೆಚ್ಚಿ ಬಾಡಿಸಿ. 250 ಗ್ರಾಂ ಖೀಮಾ ಹಾಕಿ ಬಣ್ಣ ತಿರುಗುವವರೆಗೆ ಹುರಿಯಿರಿ. ಜಮೈಕಾದಲ್ಲಿ ದನದ ಮಾಂಸವೇ ಹೆಚ್ಚು. ಕುರಿ, ಕೋಳಿಯ ಖೀಮಾದಿಂದಲೂ ಆಗುತ್ತದೆ. ಅಲ್ಲಿ ಮಾಂಸ ತಿನ್ನದ ರಸ್ತಫಾರಿ ಪಂಥದವರೂ ಇರುವುದರಿಂದ ತರಕಾರಿಯ ಪ್ಯಾಟಿಯೂ ಉಂಟು: ಕೋಸು, ಕ್ಯಾರೆಟ್, ಆಲೂಗಡ್ಡೆ ಸಾಕು. ಒಂದೂವರೆ ಚಮಚ ಕರಿ ಪುಡಿ, ಅರ್ಧ ಚಮಚ ಆಲ್‌ಸ್ಪೈಸ್ ಪುಡಿ, ಉಪ್ಪು ಸೇರಿಸಿ. ಥೈಮ್ ಸೊಪ್ಪು ಸಿಗದಿದ್ದರೆ ಎರಡು ದೊಡ್ಡಪತ್ರೆ ಎಲೆ ಹೆಚ್ಚಿ ಹಾಕಿ. ಕೆರಿಬಿಯನ್ ದ್ವೀಪಗಳಲ್ಲಿ ಅದನ್ನೂ ‘ಅಗಲ ಎಲೆಯ ಥೈಮ್’ ಎಂದು ಅಡುಗೆಗೆ ಬಳಸುತ್ತಾರೆ. ಮುಕ್ಕಾಲು ಲೋಟ ನೀರು, ಅರ್ಧ ಲೋಟ ಬ್ರೆಡ್ ಪುಡಿ ಹಾಕಿ ಮುದ್ದೆಯಾಗುವಂತೆ ಬೇಯಿಸಿ, ಪೂರ್ತಿ ಆರಿಸಿ. ಬಿಸಿ ಹೂರಣ ತುಂಬಿದರೆ ಬೆಣ್ಣೆ ಕರಗಿ ಹೊದಿಕೆ ಹರಿದೀತು.

ಹಿಟ್ಟನ್ನು ಸಣ್ಣ ತಟ್ಟೆಯಗಲ ಲಟ್ಟಿಸಿ, ಹೂರಣವಿಟ್ಟು, ಅಂಚಿಗೆ ನೀರು ಸವರಿ, ಮಡಚಿ, ಫೋರ್ಕ್‌ನಿಂದ ಒತ್ತಿ. 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25ರಿಂದ 30 ನಿಮಿಷ. ಸುಮಾರು ಎಂಟು ಪ್ಯಾಟಿ ಆಗುತ್ತವೆ. ಜಮೈಕಾದ ಶಾಲೆ ಮಕ್ಕಳು ಇದನ್ನು ಕೊಕೊ ಬ್ರೆಡ್ ಎಂಬ ಸಿಹಿ ಬನ್ನಿನೊಳಗಿಟ್ಟು ತಿನ್ನುತ್ತಾರೆ.

ಲಿಟಲ್ ಜಮೈಕಾದಲ್ಲಿ ಈಗ ಮೊದಲಿನಷ್ಟು ಬೇಕರಿಗಳಿಲ್ಲ. 2011ರಲ್ಲಿ ಎಗ್ಲಿಂಟನ್‌ನಲ್ಲಿ ರೈಲು ಮಾರ್ಗದ ಕೆಲಸ ಶುರುವಾಯಿತು. ಹತ್ತು ವರ್ಷ ದಾಟಿದರೂ ಮುಗಿಯಲಿಲ್ಲ. ಅಗೆದ ರಸ್ತೆ, ಅಡ್ಡಗಟ್ಟಿದ ಪಾದಚಾರಿ ದಾರಿ, ಕಾಣದಂತಾದ ಬೋರ್ಡುಗಳು. ಗಿರಾಕಿಗಳು ಬರುವುದು ಕಡಿಮೆಯಾಗಿ ಎಷ್ಟೋ ಅಂಗಡಿಗಳು ಮುಚ್ಚಿದವು. ಉಳಿದವರು ಇಂದಿಗೂ ಪ್ಯಾಟಿ ಬೇಯಿಸುತ್ತಾರೆ. ಟೊರಾಂಟೊದಲ್ಲಿ ನಿಮ್ಮ ಮಗನೋ ಮಗಳೋ ಇದ್ದು, ನೀವು ಅಲ್ಲಿಗೆ ಹೋಗುವ ಅವಕಾಶ ಬಂದರೆ, ನಯಾಗರ ನೋಡಿದ ಮರುದಿನ ಒಂದು ಮಧ್ಯಾಹ್ನವನ್ನು ಎಗ್ಲಿಂಟನ್ ರಸ್ತೆಗೆ ಎತ್ತಿಡಿ. ಹೋಗುವಾಗ ಹೊಟ್ಟೆ ಖಾಲಿಯಿರಲಿ, ಕೈಯಲ್ಲಿ ನೀರಿನ ಬಾಟಲಿ ಇರಲಿ.