ತೊಗಲಿನ ಕಸಕ್ಕೂ ಒಂದು ದಾರಿ ಇತ್ತು

ಭೀಮಾ ತೀರದ ದೇವಣಗಾಂವದ ಸೀಮೆಯಲ್ಲಿ, ಅತ್ತ ಬಾಗೇವಾಡಿ, ಮುದ್ದೇಬಿಹಾಳದ ಕಡೆಗೂ, ತೊಗಲು ಹದ ಮಾಡುವ ಕಸಬು ಕರಗಿದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಮೋಟಾರು ಪಂಪು ಬಂದು ಬಾವಿಯ ತೊಗಲಿನ ಬಾನಿ ಹೋಯಿತು, ನೈಲಾನ್ ಹಗ್ಗ ಬಂದು ಮಿಣಿ ಹೋಯಿತು, ಟ್ರ್ಯಾಕ್ಟರು ಬಂದಮೇಲೆ ಬಾರುಕೋಲನ್ನು ಕೇಳುವವರಿಲ್ಲ. ಇವುಗಳ ಜೊತೆಗೇ ಹೋದ ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕಸಬಿನ ಕಸಕ್ಕೆ ಹೋಗಲು ದಾರಿ ಇತ್ತು. ಸುಣ್ಣದಲ್ಲಿ ನೆನೆಸಿ, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಇಟ್ಟ ಚರ್ಮದಿಂದ ಉಳಿಯುತ್ತಿದ್ದದ್ದು ಸಾರ ಬಿಟ್ಟ ತೊಗಟೆ, ಕೂದಲು, ಅಂಚಿನ ತುಂಡು. ತೊಗಟೆ ಒಣಗಿದರೆ ಉರುವಲು, ಕೊಳೆತರೆ ಗೊಬ್ಬರ. ತುಂಡುಗಳು ಚಪ್ಪಲಿಯ ಹಿಮ್ಮಡಿಯ ಪದರಕ್ಕೆ. ಹಸಿ ಚರ್ಮದ ಚೂರು ಕುದಿಸಿ ಸರೇಸು ಎಂಬ ಅಂಟು ತೆಗೆಯುವುದೂ ಹಳೆಯ ವಿದ್ಯೆಯೇ. ತೊಗಲಿನ ಕಸದ ಹಣೆಬರಹ ಹದದ ಗುಂಡಿಗೆ ಏನು ಹಾಕುತ್ತೇವೆ ಎಂಬುದರಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಕಾರ್ಖಾನೆಗಳ ಕ್ರೋಮಿಯಂ ಹದವನ್ನು ನೋಡಿ. ಒಂದು ಟನ್ ಹಸಿ ಚರ್ಮಕ್ಕೆ ಸಿದ್ಧ ತೊಗಲು ಸಿಗುವುದು ಸುಮಾರು 200–250 ಕಿಲೊ. ಹಾಕಿದ ಕ್ರೋಮಿಯಂ ಉಪ್ಪಿನಲ್ಲೂ ಮೂರನೆಯ ಒಂದು ಪಾಲಿನಷ್ಟು ಚರ್ಮ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ. ಇಲ್ಲಿನ ಚೂರನ್ನು ತೊಗಟೆಯ ಹಾಗೆ ಒಲೆಗೆ ಹಾಕುವಂತಿಲ್ಲ, ಸುಟ್ಟರೆ ಕ್ರೋಮಿಯಂ ಕ್ಯಾನ್ಸರ್ ತರುವ ರೂಪಕ್ಕೆ ತಿರುಗಬಲ್ಲದು. ಉಪಾಯ ಇಲ್ಲವೆಂದಲ್ಲ. ನೀರಿಗೆ ಮೆಗ್ನೀಸಿಯಂ ಆಕ್ಸೈಡ್ ಬೆರೆಸಿದರೆ ಕ್ರೋಮಿಯಂ ತಳ ಹಿಡಿಯುತ್ತದೆ, ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ ಮತ್ತೆ ಹದಕ್ಕೇ ಬಳಸಬಹುದು. ಚೂರನ್ನು ನಾರಾಗಿಸಿ, ರಬ್ಬರ್ ಹಾಲು ಸೇರಿಸಿ ಒತ್ತಿದರೆ ಬೂಟಿನ ಒಳ ಅಟ್ಟೆಗೆ ಬೇಕಾದ ಹಾಳೆ ಸಿದ್ಧ. ಆದರೆ ಇದಕ್ಕೆಲ್ಲ ಯಂತ್ರ ಬೇಕು, ಬಂಡವಾಳ ಬೇಕು, ಕಸವನ್ನು ಬೆರೆಯದಂತೆ ಬೇರೆಬೇರೆ ಇಡುವ ಶಿಸ್ತು ಬೇಕು.

ತೊಗಟೆಯ ಹದ ನಿಧಾನ, ಕ್ರೋಮಿಯಂ ಒಂದೆರಡು ದಿನದ ಕೆಲಸ ಎನ್ನುತ್ತಾರೆ. ನಿಜ. ತೊಗಟೆಯ ನೀರೂ ಹಳ್ಳವನ್ನು ಕೆಡಿಸುತ್ತದೆ. ಎಲ್ಲ ತೊಗಲೂ ಆ ಗುಂಡಿಗೆ ಮರಳಲಾರದು. ಆದರೆ ಕೊಲ್ಹಾಪುರಿ ಚಪ್ಪಲಿಗೆ ಬೇಕಾದದ್ದು ತೊಗಟೆಯ ಹದವೇ, ಮತ್ತು 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಿ) ಮಾನ್ಯತೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಸೇರಿವೆ, ನಮ್ಮ ವಿಜಯಪುರವೂ ಅವುಗಳಲ್ಲೊಂದು. ಇದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ: ಹಳೆಯ ವ್ಯವಸ್ಥೆಯನ್ನು ಹೊಗಳುವುದೆಂದರೆ ಜಾತಿಯ ಹೊರೆಯನ್ನು ಹೊಗಳಿದಂತಲ್ಲವೆ? 12ನೆಯ ಶತಮಾನದಲ್ಲಿ ಬಸವಣ್ಣನವರ ಜೊತೆ ತೊಗಲು ಹದ ಮಾಡುವ ಕಸಬಿನ ಡೋಹರ ಕಕ್ಕಯ್ಯನವರು ಸರಿಸಮನಾಗಿ ನಿಂತರು. ಆದರೂ ಬಸವಣ್ಣನವರ ಈ ನೆಲದಲ್ಲೇ ಹದದ ಗುಂಡಿಯೂ ಅದನ್ನು ತುಳಿದವರ ಮನೆಯೂ ಊರಾಚೆಗೇ ಉಳಿದವು. ಆ ಕಸಬು ಬಿಟ್ಟು ಹೋದವರು ಸರಿಯಾದದ್ದನ್ನೇ ಮಾಡಿದರು. ಮತ್ತೆ ಕಟ್ಟುವುದಾದರೆ ಹದದ ವಿದ್ಯೆ, ಸರೇಸು ಮತ್ತು ಅಟ್ಟೆಯ ಘಟಕಗಳನ್ನು ಕಟ್ಟಬೇಕು. ಕೈಗವಸು, ನೀರು ಶುದ್ಧೀಕರಣ, ತಿಂಗಳ ಸಂಬಳ ಮೊದಲ ದಿನದಿಂದಲೇ ಇರಬೇಕು, ಮತ್ತು ಅಲ್ಲಿ ಕೆಲಸಕ್ಕೆ ಎಲ್ಲ ಓಣಿಯವರೂ ಅರ್ಜಿ ಹಾಕುವಂತಿರಬೇಕು.